ಬೀಗಿತ್ತಿಯ ಸರದಿ

ಕಳೆದ ತಿಂಗಳು ಬರ್ ದುಬೈಯ ಫ್ಲ್ಯಾಟ್ ಖಾಲಿ ಮಾಡುವಾಗ ವಾಷಿಂಗ್ ಮಷಿನ್ನಿನ ಹಿಂದೆ ಒಂದು ಕತ್ತರಿ ಸಿಕ್ಕಿತು. ಸಾಮಾನು ಸಾಗಿಸಲು ಬಂದ ಪಠಾಣ ಅದನ್ನು ಚಪ್ಪಲಿಯ ತುದಿಯಿಂದ ನನ್ನ ಕಡೆಗೆ ಸರಿಸಿ, "ಅಮ್ಮಾ, ಯೇ ಕಚರಾ ಹೈ?" ಎಂದು ಕೇಳಿದ. ಎತ್ತಿಕೊಂಡೆ. ಗೇಣುದ್ದದ ಕತ್ತರಿ, ತುಕ್ಕು ಹಿಡಿದು ಬಾಯಿ ಬಿಡುತ್ತಿರಲಿಲ್ಲ. ಬೆರಳು ಹಾಕುವ ಎರಡು ಉಂಗುರಗಳಿಗೂ ಹಳೆಯ ಸೀರೆಯ ಅಂಚು ಸುತ್ತಿ ನೂಲು ಬಿಗಿದಿತ್ತು. ಬೀಡಿ ಎಲೆ ಕತ್ತರಿಸುವ ಹೆಂಗಸರು ಹಾಗೆ ಸುತ್ತುತ್ತಾರೆ. ಇಲ್ಲದಿದ್ದರೆ ಹೆಬ್ಬೆರಳಿನ ಚರ್ಮ ಕಿತ್ತು ಬರುತ್ತದೆ. ಮೂಗಿಗೆ ಹಿಡಿದು ನೋಡಿದೆ. ಹೊಗೆಸೊಪ್ಪಿನ ವಾಸನೆ ಇರಲಿಲ್ಲ. ಸೋಪಿನ ಪುಡಿಯ ವಾಸನೆ ಇತ್ತು, ಅಷ್ಟೆ.

"ಹಾಂ, ಕಚರಾ" ಎಂದೆ. ಅವನು ಅದನ್ನು ಕಪ್ಪು ಚೀಲಕ್ಕೆ ಹಾಕಿದ.

ಅದು ನನ್ನ ಬೀಗಿತ್ತಿಯ ಕತ್ತರಿ. ಸೊಸೆಯ ತಾಯಿ. ಹನ್ನೊಂದು ವರ್ಷದ ಹಿಂದೆ ಊರಿನಿಂದ ಪೆಟ್ಟಿಗೆಯ ಅಡಿಯಲ್ಲಿಟ್ಟು ತಂದಿದ್ದರು. ಹಾಲಿನ ಪ್ಯಾಕೆಟು, ಕೊತ್ತಂಬರಿ ಸೊಪ್ಪು, ಮಗುವಿನ ಉಗುರು... ಎಲ್ಲಕ್ಕೂ ಅದೇ. ಅಡುಗೆಮನೆಯಲ್ಲಿ ಬೇರೆ ಮೂರು ಕತ್ತರಿ ಇದ್ದವು. "ಅದೆಲ್ಲ ನನ್ನ ಕೈಯ ಮಾತು ಕೇಳುದಿಲ್ಲ ಅಕ್ಕ" ಎನ್ನುತ್ತಿದ್ದರು. ನನಗಿಂತ ಆರೇಳು ವರ್ಷಕ್ಕೆ ಚಿಕ್ಕವರು. ಅಕ್ಕ ಎಂದೇ ಕರೆಯುತ್ತಿದ್ದರು.

ಮಗ ಆಗ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ. ಸೊಸೆಗೆ ದೇರಾದ ಒಂದು ಕ್ಲಿನಿಕ್ಕಿನಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವ ಕೆಲಸ. ಇಬ್ಬರೂ ಬೆಳಿಗ್ಗೆ ಹೋದರೆ ಸಂಜೆ. ಅವರ ಒಂದೇ ಹೆಣ್ಣು ಮಗುವನ್ನು ನೋಡಲು ಊರಿನಿಂದ ನಾವಿಬ್ಬರು ಅಜ್ಜಿಯರು ಸರದಿಯಲ್ಲಿ ಬರುತ್ತಿದ್ದೆವು. ವಿಸಿಟ್ ವೀಸಾ ಮೂರು ತಿಂಗಳು. ಮೂರು ತಿಂಗಳು ನಾನು, ಮೂರು ತಿಂಗಳು ಆಕೆ. ನಮ್ಮ ಕಡೆಯವರ ಎಷ್ಟೋ ಮಕ್ಕಳು ಈ ಊರಿನಲ್ಲಿ ದೊಡ್ಡವರಾದದ್ದು ಹೀಗೆಯೇ. ಒಬ್ಬಳು ಹೋಗುವ ಮೊದಲು ಇನ್ನೊಬ್ಬಳು ಬಂದು ಒಂದೆರಡು ವಾರ ಒಟ್ಟಿಗೆ ಇರಬೇಕು. ಮಗ ಅದಕ್ಕೆ ಚಾರ್ಜ್ ಕೊಡುವುದು ಎನ್ನುತ್ತಿದ್ದ, ಕಾರ್ಖಾನೆಯಲ್ಲಿ ಶಿಫ್ಟ್ ಬದಲಾಗುವಾಗ ಮಾಡುವ ಹಾಗೆ. ಮಗು ಯಾವ ಹೊತ್ತಿಗೆ ಮಲಗುತ್ತದೆ, ಏನು ತಿಂದರೆ ಕಕ್ಕುತ್ತದೆ, ಹೊಸದಾಗಿ ಯಾವ ಮಾತು ಕಲಿತಿದೆ, ಎಲ್ಲ ಒಪ್ಪಿಸಿ ವಿಮಾನ ಹತ್ತಬೇಕು.

ನಾನು ಕುಂದಾಪುರದ ಕಡೆಯವಳು. ಮೂವತ್ತು ವರ್ಷ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಕೂಗಿಕೊಂಡು ಮಾರಿದವಳು. ಆಕೆ ಮಂಗಳೂರಿನ ಆಚೆಯವರು, ತುಳು ಮಾತಿನವರು, ಹನ್ನೆರಡನೇ ವಯಸ್ಸಿನಿಂದ ಬೀಡಿ ಕಟ್ಟಿದವರು. ಕೂತಲ್ಲೇ ಕೂತು, ಮಡಿಲಿನಲ್ಲಿ ಬೀಡಿ ಎಲೆಯ ಗೆರಸೆ ಇಟ್ಟುಕೊಂಡು, ತಲೆ ತಗ್ಗಿಸಿ ಬದುಕು ಮುಗಿಸಿದವರು. ನನ್ನ ದೊಡ್ಡ ಗಂಟಲು ಆಕೆಗೆ ಹೆದರಿಕೆ. ಆಕೆಯ ಮೆತ್ತಗಿನ ಮಾತು ನನಗೆ ಅರ್ಧ ಕೇಳುತ್ತಿರಲಿಲ್ಲ. ಸ್ನೇಹ ಎಂದು ಹೇಳುವಂಥದ್ದು ನಮ್ಮ ನಡುವೆ ಇರಲಿಲ್ಲ. ಬೀಗರಿಗೆ ಬೀಗರು ಕೊಡಬೇಕಾದಷ್ಟು ಮರ್ಯಾದೆ ಇತ್ತು. ಮಗು ಯಾರ ತೋಳಿಗೆ ಮೊದಲು ಬರುತ್ತದೆ ಎಂದು ಇಬ್ಬರೂ ಕಣ್ಣಂಚಿನಲ್ಲಿ ನೋಡುತ್ತಿದ್ದೆವು. ಆಕೆಯ ತೋಳಿಗೆ ಹೋದ ದಿನ ನಾನು ಪಾತ್ರೆಯನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದೆ.

ಆ ಸಲ ನನ್ನ ಮೂರು ತಿಂಗಳು ಮುಗಿದು ಆಕೆಯ ಸರದಿ ಬರುವುದಿತ್ತು. ಮಗುವಿಗೆ ಎರಡೂವರೆ ವರ್ಷ. ಆಕೆ ಬಂದ ದಿನ ಚಾ ಲೋಟ ಹಿಡಿದ ಎಡಗೈ ನೋಡಿದೆ. ಮೂರು ಬೆರಳುಗಳಿಗೆ ಬೀಡಿಯ ಕೆಂಪು ನೂಲು ಸುತ್ತಿ ಗಂಟು ಹಾಕಿತ್ತು.

"ಇದೆಂತ ಮಾರಾಯ್ರೆ, ಬೆರಳನ್ನೇ ಬೀಡಿ ಮಾಡಿ ಕಟ್ಟಿದ್ರಿಯಾ?" ಎಂದು ಕೇಳಿದೆ.

ನಾಚಿಕೊಂಡರು. "ಇದು ಗ್ಯಾಸು, ಇದು ಬಾಗಿಲು, ಇದು ಮಗುವಿನ ಹಾಲು. ಪ್ರಾಯ ಆಯ್ತಲ್ಲ ಅಕ್ಕ, ಮಂಡೆಯಲ್ಲಿ ನಿಲ್ಲುದಿಲ್ಲ."

ಮಾರನೆಯ ದಿನ ಮಧ್ಯಾಹ್ನ ಆಕೆ ಅಡುಗೆಮನೆಯ ನಡುವೆ ನಿಂತು ತಮ್ಮ ಕೈಯನ್ನೇ ನೋಡುತ್ತಿದ್ದರು. ನನ್ನನ್ನು ಕಂಡು, "ಅಕ್ಕ, ಈ ನಡುವಿನದ್ದು ಯಾವುದು?" ಎಂದರು. ಬಾಗಿಲು ಎಂದೆ. ತಲೆಯಾಡಿಸಿ ಹೋಗಿ ಗ್ಯಾಸ್ ಆಫ್ ಮಾಡಿದರು. ಗ್ಯಾಸ್ ಉರಿಯುತ್ತಲೇ ಇರಲಿಲ್ಲ. ಆ ವಾರದಲ್ಲಿ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಮಗುವನ್ನು ಅದರ ತಾಯಿಯ ಹೆಸರಿನಿಂದ ಕರೆದರು, ಒಮ್ಮೆ ಅಲ್ಲ, ದಿನವಿಡೀ. ಪ್ರಾಯದವರಿಗೆಲ್ಲ ಆಗುವುದೇ ಎಂದುಕೊಂಡೆ. ಹಾಗೆ ಎಂದುಕೊಂಡೆ ಎಂದು ಹೇಳುವುದು ಸುಲಭ... ನಿಜ ಹೇಳುವುದಾದರೆ ನನಗೆ ಅನುಮಾನ ಬಂದಿತ್ತು. ಸೊಸೆ ಸಂಜೆ ಬಂದು ಸೋಫಾದಲ್ಲಿ ಬಿದ್ದರೆ ಅವಳಿಗೆ ಏನೂ ಕಾಣುತ್ತಿರಲಿಲ್ಲ. ನಾನು ಹೇಳಲೂ ಇಲ್ಲ.

ಮಗನೇ ಹೊರಡಿಸಿದ್ದು. "ಇಬ್ರು ಅಮ್ಮಂದಿರು ಒಟ್ಟಿಗೆ ಸಿಕ್ಕೂದು ಇದೊಂದೇ ಸಮಯ. ಯಲ್ಲಾ, ಹೊರಡಿ, ಎಲ್ಲಾದ್ರೂ ಹೋಯಿ ಬಪ್ಪ" ಎಂದ. ಟರ್ಕಿ ದೇಶದ ಅಂತಾಲ್ಯ ಎಂಬ ಊರು. ಮೆಡಿಟರೇನಿಯನ್ ಸಮುದ್ರದ ದಡದಲ್ಲಿದೆ, ಎರಡು ಸಾವಿರ ವರ್ಷ ಹಳೆಯದು ಎಂದ. ವೀಸಾ, ಮರಳಿ ದುಬೈಗೆ ಬರುವ ಕಾಗದ, ಎಲ್ಲ ಅವನೇ ಮಾಡಿಸಿದ. ಐದು ದಿನ.

ಹಳೆಯ ಊರು ಎಂದರೆ ಹಳೆಯದೇ. ದೊಡ್ಡ ಕಲ್ಲಿನ ಬಾಗಿಲೊಂದು ಇತ್ತು, ಮೂರು ಕಮಾನಿನದು. ಯಾವುದೋ ರಾಜ ಬಂದಾಗ ಕಟ್ಟಿದ್ದಂತೆ. ಅದರ ಕೆಳಗೆ ನೆಲದ ಕಲ್ಲಿನಲ್ಲಿ ಗಾಡಿಚಕ್ರ ಉರುಳಿ ಉರುಳಿ ಗೆರೆ ಬಿದ್ದಿತ್ತು. ಮಗ ಅದನ್ನು ಫೋಟೋ ತೆಗೆದ. ಕಲ್ಲು ಸವೆಯುವಷ್ಟು ಹೊರೆ ಎಳೆಸಿದ್ದರೆ ಎತ್ತುಗಳ ಗತಿ ಏನಾಗಿರಬೇಕು ಎಂದು ನಾನು ಯೋಚಿಸಿದೆ. ಒಳಗೆ ಓಣಿಗಳು. ಹಳೆಯ ಮರದ ಮನೆಗಳು, ಬೀದಿಯ ಬದಿಯಲ್ಲಿ ಕಿತ್ತಳೆ ಮರಗಳು, ಯಾರೂ ಕೊಯ್ಯದ ಕಹಿ ಕಿತ್ತಳೆ. ಎಲ್ಲ ಓಣಿಗಳೂ ಇಳಿದು ಇಳಿದು ಬಂದರಿಗೆ ಹೋಗಿ ಮುಟ್ಟುತ್ತಿದ್ದವು. ಅಂಗಡಿಯ ಬೋರ್ಡುಗಳಲ್ಲಿ ಏನು ಬರೆದಿದೆ ಎಂದು ನನಗೆ ತಿಳಿಯುವಂತಿರಲಿಲ್ಲ. ಕನ್ನಡವನ್ನೇ ನಾನು ಅಕ್ಷರ ಕೂಡಿಸಿ ಓದುವವಳು.

ಬೀಗಿತ್ತಿ ಅಲ್ಲಿ ಚೆನ್ನಾಗಿದ್ದರು. ಆಶ್ಚರ್ಯ ಎನಿಸುವಷ್ಟು ಚೆನ್ನಾಗಿದ್ದರು. ಬಿದ್ದ ಕಿತ್ತಳೆ ಹೆಕ್ಕಿ ಮೂಸಿ ಮಗುವಿಗೆ ಮೂಸಿಸಿದರು. ಬೆಕ್ಕುಗಳ ಹತ್ತಿರ ತುಳುವಿನಲ್ಲಿ ಮಾತನಾಡಿದರು. ಹೋಟೆಲಿನ ಬೆಳಗಿನ ತಿಂಡಿಯಲ್ಲಿ ಇಟ್ಟಿದ್ದ ಉಪ್ಪು ಹಾಕಿದ ಕರಿ ಆಲಿವ್ ಕಾಯಿಗಳನ್ನು ಕಚ್ಚಿ, "ಇದು ನೇರಳೆ ಹಣ್ಣಿನ ಶವ ಅಕ್ಕ" ಎಂದು ಹೇಳಿ ಬಾಯಿ ಮುಚ್ಚಿ ನಕ್ಕರು. ಆಕೆ ಅಷ್ಟು ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಸೊಸೆಗೂ ಸಂತೋಷವಾಗಿತ್ತು. ನಾನೇ ತಪ್ಪು ತಿಳಿದಿರಬೇಕು ಎಂದುಕೊಂಡೆ.

ಮೂರನೆಯ ದಿನ ಬೆಳಿಗ್ಗೆ ಬಂದರಿಗೆ ಇಳಿದೆವು. ಸಣ್ಣ ಬಂದರು. ತೆರೆಯೇ ಇಲ್ಲ, ಬಾವಿಯ ಹಾಗೆ ನಿಂತ ನೀರು. ಪೇಟೆಯವರನ್ನು ಸುತ್ತಿಸುವ ಬಣ್ಣದ ದೋಣಿಗಳು ಸಾಲಾಗಿ ನಿಂತಿದ್ದವು. ಮಗ, ಸೊಸೆ ಒಂದು ಗಂಟೆಯ ದೋಣಿ ಸವಾರಿಗೆ ಹೋಗುವುದೆಂದು ಆಯಿತು. ಬೀಗಿತ್ತಿಗೆ ನೀರೆಂದರೆ ಹೆದರಿಕೆ. ನನಗೆ ಸಮುದ್ರ ನೋಡುವ ಆಸೆ ಏನೂ ಉಳಿದಿರಲಿಲ್ಲ. ಮಗು ಬೀಗಿತ್ತಿಯ ಮಡಿಲಿನಲ್ಲಿ ನಿದ್ದೆ ಹೋಗಿತ್ತು. ಸೊಸೆ ದೋಣಿ ಹತ್ತುವ ಮೊದಲು ಬಗ್ಗಿ, "ಅತ್ತೆ, ಎದ್ದ್ರೆ ನೀರಿನ ಹತ್ರ ಹೋಗದ ಹಾಗೆ ನೋಡಿ ಆಯ್ತಾ" ಎಂದಳು. ನನಗೆ ಹೇಳಿದಳು. ತನ್ನ ತಾಯಿಗೆ ಹೇಳಲಿಲ್ಲ. ಅದನ್ನು ನಾನು ಗಮನಿಸಿದೆ, ಒಳಗೊಳಗೆ ಹೆಮ್ಮೆಯೂ ಆಯಿತು.

ನಾವಿಬ್ಬರೂ ಕಲ್ಲಿನ ಬೆಂಚಿನ ಮೇಲೆ ಕೂತೆವು. ಬಂದರಿನ ಆ ಕೊನೆಯಲ್ಲಿ ನಾಲ್ಕೈದು ಮೀನಿನ ದೋಣಿಗಳು ನಿಂತಿದ್ದವು. ನಿಜವಾದ ದೋಣಿಗಳು. ಬಲೆ ಜಾಡಿಸುತ್ತಿದ್ದರು. ಗಾಳಿ ಈ ಕಡೆಗೆ ತಿರುಗಿದಾಗ ವಾಸನೆ ಬಂತು. ದುಬೈಯ ಮೀನು ಮಾರ್ಕೆಟ್ಟಿನಲ್ಲಿ ಐಸಿನ ವಾಸನೆ, ಫಿನೈಲಿನ ವಾಸನೆ. ಇದು ಬರಿಯ ಮೀನು. ನನ್ನ ಕುತ್ತಿಗೆ ತಾನಾಗಿ ಅತ್ತ ತಿರುಗಿತು. ಬೀಗಿತ್ತಿ ನೋಡಿದರು.

"ಹೋಗಿ ಬನ್ನಿ ಅಕ್ಕ. ನಾನು ಉಂಟಲ್ಲ."

ಹೋದೆ. ಅನುಮಾನ ಇದ್ದೂ ಹೋದೆ.

ಬೂತಾಯಿಯಂಥ ಸಣ್ಣ ಮೀನು, ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ನಾನು ಒಂದನ್ನು ಎತ್ತಿ ಕಿವಿರು ಬಿಡಿಸಿ ನೋಡಿದೆ. ಕೆಂಪಗಿತ್ತು. ಅದರ ಪಕ್ಕದ ಬುಟ್ಟಿಯದ್ದು ನಿನ್ನೆಯದ್ದು. ಬೆರಳು ತೋರಿಸಿ ಮೂಗು ಮುಚ್ಚಿಕೊಂಡೆ. ಮೀನಿನವನು ಎದೆ ಬಡಿದುಕೊಂಡು ಅಲ್ಲ ಅಲ್ಲ ಎಂದ. ನಾನು ಮೀನಿನ ಕಣ್ಣು ಒತ್ತಿ ತೋರಿಸಿದೆ. ಸುತ್ತಲಿದ್ದವರು ನಕ್ಕರು. ಅವನೂ ನಕ್ಕು ಒಂದು ಸಣ್ಣ ಗ್ಲಾಸಿನಲ್ಲಿ ಹಾಲಿಲ್ಲದ ಚಾ ಕೊಟ್ಟ. ಬಲೆಯ ಹರಿದ ಕಣ್ಣು ಹೇಗೆ ಹೆಣೆಯುತ್ತಾರೆ ಎಂದು ನೋಡುತ್ತಾ ನಿಂತೆ. ನನ್ನ ಕೈ ಮೀನು ನಾರುತ್ತಿತ್ತು. ಎಷ್ಟು ವರ್ಷವಾಗಿತ್ತು. ಮಗನ ಮನೆಯಲ್ಲಿ ನನಗೆ ಮಾಡಲು ಕೆಲಸ ಇತ್ತು, ಆದರೆ ನನಗೆ ಗೊತ್ತಿರುವ ಕೆಲಸ ಇರಲಿಲ್ಲ. ಐದು ನಿಮಿಷ ಎಂದು ಹೋದವಳು ಅರ್ಧ ಗಂಟೆಯ ಮೇಲೆ ನಿಂತಿರಬೇಕು.

ತಿರುಗಿ ಬಂದರೆ ಬೆಂಚು ಖಾಲಿ.

ಮೊದಲು ಹೆದರಿಕೆ ಆಗಲಿಲ್ಲ. ಮಗು ಎದ್ದಿರಬೇಕು, ಸುತ್ತಿಸುತ್ತಿರಬೇಕು ಎಂದುಕೊಂಡೆ. ಬಂದರಿನ ಉದ್ದಕ್ಕೂ ನಡೆದೆ. ಮೇಲೆ ಹೋಗುವ ಮೆಟ್ಟಿಲುಗಳ ನಡುವೆ ಒಂದು ಮುರಿದ ಕಲ್ಲಿನ ಗೋಡೆಯ ಬುಡದಲ್ಲಿ ಬೀಗಿತ್ತಿ ಕೂತಿದ್ದರು. ಒಬ್ಬರೇ. ತಲೆ ತಗ್ಗಿಸಿದ್ದರು. ಹೊದ್ದಿದ್ದ ಶಾಲು ಮೈಮೇಲೆ ಇರಲಿಲ್ಲ. ಮಡಿಲಿನಲ್ಲಿ ಏನೂ ಇರಲಿಲ್ಲ, ಆದರೆ ಎರಡು ಕೈಗಳ ಬೆರಳುಗಳು ಆಡುತ್ತಿದ್ದವು. ಎಲೆ ಇಡುವುದು, ಹೊಗೆಸೊಪ್ಪು ಉದುರಿಸುವುದು, ಸುರುಟುವುದು, ತುದಿ ಮಡಚುವುದು, ನೂಲು ಸುತ್ತುವುದು. ಬದಿಗೆ ಇಡುವುದು. ಮತ್ತೆ ಎಲೆ.

"ಮಗು ಎಲ್ಲಿತ್ತ್?" ಎಂದೆ.

ಆಕೆ ತಲೆ ಎತ್ತಿದರು. "ಯಾವ ಮಗು?"

ಭುಜ ಹಿಡಿದು ಅಲುಗಿಸಿದೆ. ಬೈದೆ. ಏನು ಬೈದೆ ಎಂದು ಹೇಳುವುದಿಲ್ಲ. ಮೀನು ಮಾರುವವರ ಬಾಯಿ. ಆಕೆ ಹೆದರಿ, "ಮಲಗಿದ್ದಾಳೆ, ಜಗಲಿಯಲ್ಲಿ ಮಲಗಿದ್ದಾಳೆ" ಎಂದರು. ಯಾವ ಜಗಲಿ...

ಓಡಿದೆ. ಅರವತ್ತೈದು ದಾಟಿದ ಹೆಂಗಸು ಆ ಇಳಿಜಾರಿನಲ್ಲಿ ಓಡಿದೆ. ದೋಣಿಗಳ ನಡುವಿನ ನೀರನ್ನು ಒಂದೊಂದಾಗಿ ಬಗ್ಗಿ ನೋಡಿದೆ. ನೀರಿನಲ್ಲಿ ಬ್ರೆಡ್ಡಿನ ತುಂಡು ತೇಲುತ್ತಿತ್ತು. ಸಮುದ್ರದಿಂದ ತೆಗೆದವರನ್ನು ನಾನು ಎಷ್ಟೋ ನೋಡಿದ್ದೇನೆ. ಹೇಗಿರುತ್ತಾರೆ ಎಂದು ಗೊತ್ತಿದ್ದವಳಿಗೆ ಹಾಗೆ ಬಗ್ಗಿ ನೋಡುವುದು ಕಷ್ಟ.

ದೋಣಿಯ ಹಗ್ಗಗಳನ್ನು ಸುರುಳಿ ಸುತ್ತಿ ರಾಶಿ ಹಾಕಿದ್ದ ಒಂದು ಮೂಲೆ ಇತ್ತು. ಅದರ ಹಿಂದೆ ಗೋಡೆಯಲ್ಲಿ ದೋಣಿ ಕಟ್ಟುವ ಕಬ್ಬಿಣದ ಬಳೆ. ಆ ಬಳೆಗೆ ಬೀಗಿತ್ತಿಯ ಶಾಲಿನ ಒಂದು ತುದಿ. ಇನ್ನೊಂದು ತುದಿ ಮಗುವಿನ ಸೊಂಟಕ್ಕೆ. ಮಗು ಕೂತು ಒಂದು ಎಳ್ಳು ಹಚ್ಚಿದ ಬಳೆಬ್ರೆಡ್ಡನ್ನು ಜಗಿಯುತ್ತಿತ್ತು. ಪಕ್ಕದಲ್ಲಿ ಲೇಸು ಹೆಣೆದು ಮಾರುವ ಆ ಊರಿನ ಮುದುಕಿಯೊಬ್ಬಳು ತನ್ನ ಸ್ಟೂಲ್ ತಂದು ಹಾಕಿಕೊಂಡು ಕಾವಲು ಕೂತಿದ್ದಳು. ನನ್ನನ್ನು ಕಂಡದ್ದೇ ಎದ್ದು ನಿಂತು ಬೈಯಲು ಶುರು ಮಾಡಿದಳು. ಮಗುವನ್ನು ತೋರಿಸಿ, ನೀರನ್ನು ತೋರಿಸಿ, ನನ್ನ ಮುಖಕ್ಕೆ ಬೆರಳು ತಂದು ಬೈದಳು. ಭಾಷೆ ಬರದಿದ್ದರೂ ಒಂದು ಮಾತೂ ತಪ್ಪದೆ ಅರ್ಥವಾಯಿತು. ಸುಮ್ಮನೆ ನಿಂತು ಬೈಸಿಕೊಂಡೆ. ಆ ವಿಷಯದಲ್ಲಿ ನನ್ನನ್ನು ಬೈದವಳು ಅವಳೊಬ್ಬಳೇ.

ನಮ್ಮ ಕಡೆ ಇದು ಹೊಸತೇನಲ್ಲ. ಬೀಡಿ ಕಟ್ಟುವ ಹೆಂಗಸಿಗೆ ಎರಡು ಕೈಗೂ ಕೆಲಸ. ಅಂಬೆಗಾಲಿಡುವ ಮಗುವನ್ನು ಹಳೆಯ ಸೀರೆಯಿಂದ ಜಗಲಿಯ ಕಂಬಕ್ಕೆ ಕಟ್ಟಿಯೇ ಕೂರುತ್ತಿದ್ದರು. ಮಗು ಮೆಟ್ಟಿಲಿನವರೆಗೆ ಬರಬೇಕು, ಮೆಟ್ಟಿಲು ಇಳಿಯಬಾರದು. ಅಷ್ಟು ಅಳತೆ. ನಾನು ಶಾಲನ್ನು ಎಳೆದು ನೋಡಿದೆ. ನೀರಿನ ಅಂಚಿಗೆ ಇನ್ನೂ ಒಂದು ಮೊಳ ಇರುವಾಗ ಬಿಗಿಯಾಯಿತು. ಆಕೆಗೆ ಮಗು ಮರೆತುಹೋಗಿತ್ತು. ಅಳತೆ ಮರೆತಿರಲಿಲ್ಲ. ಗಂಟು ಬಿಚ್ಚಲು ಬರಲಿಲ್ಲ. ಹಲ್ಲಿನಿಂದ ಬಿಡಿಸಿದೆ.

ಮಗುವನ್ನು ಎತ್ತಿಕೊಂಡು ಬಂದಾಗ ಬೀಗಿತ್ತಿ ಬೆಂಚಿನ ಹತ್ತಿರ ನಿಂತಿದ್ದರು. ಅಷ್ಟರಲ್ಲಿ ಆಕೆಗೆ ಎಲ್ಲ ಗೊತ್ತಾಗಿತ್ತು. ಮುಖ ಬಿಳಿಚಿತ್ತು. ನನ್ನ ಕೈ ಹಿಡಿದರು.

"ಅಕ್ಕ, ಮಗಳಿಗೆ ಹೇಳ್ಬೇಡಿ. ಹೇಳಿದ್ರೆ ಮತ್ತೆ ನನ್ನನ್ನು ಕರೆಸುದಿಲ್ಲ. ಇದೊಂದು ಮೂರು ತಿಂಗಳು ಉಂಟು ಅಂತಲೇ ನಾನು ಊರಲ್ಲಿ ಬಾಕಿ ಮೂರು ತಿಂಗಳು ಕಳಿಯುದು. ದೊಡ್ಡ ಮಗಳ ಮನೆಯಲ್ಲಿ ನಾನು ಮೂಲೆಯ ಚಾಪೆ."

ಅಷ್ಟರಲ್ಲಿ ದೋಣಿ ಬಂತು. ಸೊಸೆ ಗಾಳಿಗೆ ಕೂದಲು ಕೆದರಿಕೊಂಡು ಇಳಿದು, "ಮಗು ಹಠ ಮಾಡಿತಾ ಅತ್ತೆ?" ಎಂದಳು. "ಇಲ್ಲೆ" ಎಂದೆ. ಮಗ ದಾರಿಹೋಕನೊಬ್ಬನ ಕೈಗೆ ಮೊಬೈಲ್ ಕೊಟ್ಟು ನಮ್ಮೆಲ್ಲರ ಫೋಟೋ ತೆಗೆಸಿದ. ಹಿಂದೆ ಸಮುದ್ರ. ನಾವಿಬ್ಬರೂ ಅದರಲ್ಲಿ ನಗುತ್ತಿದ್ದೇವೆ.

ದು‌ಬೈಗೆ ಬಂದ ಮೇಲೆ ನಾನು ಹೊರಡಲು ನಾಲ್ಕು ದಿನ ಇತ್ತು. ಹೇಳುವುದು ಬೇಡ ಎಂದೇ ನಿರ್ಧಾರ ಮಾಡಿದ್ದೆ. ಹೇಳಿದರೆ ನನ್ನ ಅರ್ಧ ಗಂಟೆಯನ್ನೂ ಹೇಳಬೇಕು. ಇಬ್ಬರು ಮುದುಕಿಯರೂ ಸಾಕು ಎಂದು ಮಗುವನ್ನು ಎಲ್ಲಾದರೂ ದುಡ್ಡು ಕೊಟ್ಟು ಬಿಡುವ ಜಾಗಕ್ಕೆ ಹಾಕಿದರೆ? ಆಗ ಆಕೆಗೂ ಇಲ್ಲ, ನನಗೂ ಇಲ್ಲ. ಪೆಟ್ಟಿಗೆ ತುಂಬಿಸಿದೆ.

ಎರಡನೆಯ ದಿನ ಮಧ್ಯಾಹ್ನ ಮೊಸರು ತರಲು ಕೆಳಗಿನ ಬಕಾಲ ಅಂಗಡಿಗೆ ಇಳಿದೆ. ಹತ್ತು ನಿಮಿಷ. ಮೇಲೆ ಬಂದರೆ ಬಾಲ್ಕನಿಯ ಬಾಗಿಲು ತೆರೆದಿತ್ತು. ಬಟ್ಟೆ ಒಣಗಿಸಲು ಎಳೆದ ಕುರ್ಚಿ ಕಟಕಟೆಗೆ ಅಂಟಿಕೊಂಡು ನಿಂತಿತ್ತು. ಮಗು ಅದನ್ನು ಹತ್ತಲು ಒಂದು ಮೊಣಕಾಲು ಮೇಲಿಟ್ಟಿತ್ತು. ನಮ್ಮದು ಒಂಬತ್ತನೇ ಮಾಳಿಗೆ. ಬೀಗಿತ್ತಿ ಬಾತ್‌ರೂಮಿನಲ್ಲಿ ಬಟ್ಟೆ ಹಿಂಡುತ್ತಾ ಏನೋ ಗುನುಗುತ್ತಿದ್ದರು. ಎಡಗೈಯಲ್ಲಿ ಮೂರು ಕೆಂಪು ನೂಲುಗಳೂ ಇದ್ದವು, ಒದ್ದೆಯಾಗಿ.

ಅದೇ ಸಂಜೆ ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿ ಹೇಳಿದೆ. ಆಕೆಯ ಎದುರಿಗೇ ಹೇಳಿದೆ. ಹಿಂದಿನಿಂದ ಹೇಳುವುದು ನನ್ನ ಜಾಯಮಾನವಲ್ಲ ಎಂದು ಆಗ ಅಂದುಕೊಂಡಿದ್ದೆ. ನೂಲಿನ ವಿಷಯ, ಉಪ್ಪಿನ ವಿಷಯ, ಬಾಲ್ಕನಿ, ಬಂದರು, ಕಬ್ಬಿಣದ ಬಳೆ, ಎಲ್ಲ.

"ಬಂದರಲ್ಲಿ ನೀ ಎಲ್ಲಿದ್ದೆ ಅಮ್ಮ ಆಗ?" ಎಂದು ಮಗ ಕೇಳಿದ.

"ಬಾತ್‌ರೂಮಿಗೆ ಹೋಯಿದ್ದೆ. ಐದು ಮಿನಿಟು."

ಬಾಯಿ ತಪ್ಪಿ ಬಂದ ಸುಳ್ಳಲ್ಲ. ಮಧ್ಯಾಹ್ನದಿಂದ ಯೋಚಿಸಿ ಇಟ್ಟುಕೊಂಡದ್ದು. ಹೇಳಿ ಬೀಗಿತ್ತಿಯ ಕಡೆ ನೋಡಿದೆ. ಆಕೆ ನನ್ನನ್ನೇ ನೋಡುತ್ತಿದ್ದರು. ಏನೂ ಹೇಳಲಿಲ್ಲ. ಸದ್ಯ, ನೆನಪಿಲ್ಲ ಎಂದುಕೊಂಡೆ.

ಸೊಸೆ ತಾಯಿಯ ಎದುರು ಹೋಗಿ ನಿಂತು ತುಳುವಿನಲ್ಲಿ ಕೇಳಿದಳು. ಅಷ್ಟು ತುಳು ನನಗೆ ಅರ್ಥವಾಗುತ್ತಿತ್ತು. "ನಾಯಿಯ ಹಾಗೆ ಕಟ್ಟಿ ಹಾಕಿದ್ಯಾ ಅಮ್ಮ, ನನ್ನ ಮಗುವನ್ನು?"

"ನಿನ್ನನ್ನೂ ಕಟ್ಟಿಯೇ ಸಾಕಿದ್ದು" ಎಂದರು ಬೀಗಿತ್ತಿ. ಅದಿಷ್ಟೇ ಹೇಳಿದ್ದು.

ಊರಿಗೆ ಹೊರಟಿದ್ದ ಪರಿಚಯದ ನರ್ಸ್ ಒಬ್ಬಳ ಜೊತೆ ಮಾಡಿ ಆಕೆಯನ್ನು ಕಳಿಸಿದರು. ನನ್ನ ಪೆಟ್ಟಿಗೆ ಬಿಚ್ಚಿ ಬಟ್ಟೆ ಮತ್ತೆ ಕಪಾಟಿಗೆ ಹೋಯಿತು. ಹೊರಡುವ ದಿನ ಆಕೆ ನನ್ನನ್ನು ಅಡುಗೆಮನೆಗೆ ಕರೆದು ಮಗುವಿನ ಚಾರ್ಜ್ ಕೊಟ್ಟರು. ನಾನು ಮೂರು ತಿಂಗಳಿಂದ ನೋಡಿಕೊಂಡ ಮಗುವನ್ನು ನನಗೇ ಒಪ್ಪಿಸಿದರು. "ಹಾಲು ಬಿಸಿ ಇದ್ರೆ ಕುಡಿಯುದಿಲ್ಲ ಅಕ್ಕ. ಮಲಗುವಾಗ ಬೆನ್ನು ತಟ್ಬೇಕು, ತಲೆ ಅಲ್ಲ. ಬಾಳೆಹಣ್ಣು ಸಂಜೆ ಮೇಲೆ ಬೇಡ." ಒಂದೂ ತಪ್ಪಿರಲಿಲ್ಲ. ನಾನು ಹೂಂ, ಹೂಂ ಎಂದು ಕೇಳಿಕೊಂಡೆ. ಬೆರಳಿನ ನೂಲುಗಳನ್ನು ಆ ದಿನ ಬಿಚ್ಚಿದ್ದರು. ಇದ್ದ ಕಡೆ ಬಿಳಿ ಗೆರೆ ಉಳಿದಿತ್ತು. ಮಗ ಪೆಟ್ಟಿಗೆ ಕಾರಿಗೆ ಇಟ್ಟ. ಸೊಸೆ ಏರ್‌ಪೋರ್ಟಿನವರೆಗೆ ಹೋದಳು. ನಾನು ಲಿಫ್ಟಿನವರೆಗೆ ಹೋದೆ.

ಆಕೆಯ ಸರದಿ ಆಮೇಲೆ ಬರಲಿಲ್ಲ. ಮಗ ನನಗೆ ಇಲ್ಲಿಯದೇ ವೀಸಾ ಮಾಡಿಸಿದ. ಮಗು ನನ್ನ ಕೈಯಲ್ಲಿ ಬೆಳೆಯಿತು. ಮೊದಮೊದಲು ವಾರಕ್ಕೊಮ್ಮೆ ವೀಡಿಯೋದಲ್ಲಿ ಆಕೆ ಬರುತ್ತಿದ್ದರು. ಆಮೇಲೆ ಮೊಬೈಲಿನಲ್ಲಿ ಕಾಣುವ ಮುಖಗಳಿಗೆ ಹೆದರತೊಡಗಿದರು, ಅದೂ ನಿಂತಿತು. ಮೂರು ವರ್ಷವಾದ ಮೇಲೆ ಹಿರಿಯ ಮಗಳ ಮನೆಯಲ್ಲಿ ತೀರಿಕೊಂಡರು. ಕೊನೆಗೆ ಯಾರ ಗುರುತೂ ಇರಲಿಲ್ಲವಂತೆ. ಸೊಸೆ ಒಬ್ಬಳೇ ಹೋಗಿ ಕಾರ್ಯ ಮುಗಿಸಿ ಬಂದಳು. ಮಗುವಿಗೆ ಶಾಲೆ ಇತ್ತು, ನೋಡಲು ನಾನಿದ್ದೆ. ಸುದ್ದಿ ಬಂದ ದಿನ ನಾನು ದೋಸೆಗೆ ಅಕ್ಕಿ ನೆನೆ ಹಾಕಿದ್ದು ನೆನಪಿದೆ. ಬೇರೇನೂ ಅನ್ನಿಸಿದ್ದು ನೆನಪಿಲ್ಲ.

ಈಗಿನ ಮನೆ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲೇ, ಮಗನ ಕಾರ್ಖಾನೆಗೆ ಹತ್ತಿರ. ಎರಡನೇ ಮಾಳಿಗೆ. ಮೊಮ್ಮಗಳಿಗೆ ಹದಿಮೂರು. ಮೊನ್ನೆ ಶುಕ್ರವಾರ ಅವಳು ಅಪ್ಪನ ಹಳೆಯ ಫೋಟೋಗಳನ್ನು ಟೀವಿಗೆ ಹಾಕಿಕೊಂಡು ನೋಡುತ್ತಿದ್ದಳು. ರಜೆಗೆ ಎಲ್ಲಿ ಹೋಗುವುದೆಂದು ಮನೆಯಲ್ಲಿ ಮಾತು ನಡೆದಿತ್ತು. ಆ ಬಂದರು ಬಂತು.

"ಅಜ್ಜಿ, ಹೂ ಈಸ್ ದಿಸ್ ಲೇಡಿ?"

"ನಿನ್ನ ಅಮ್ಮನ ಅಮ್ಮ."

"ಓ" ಎಂದಳು. "ಐ ಡೋಂಟ್ ರಿಮೆಂಬರ್ ಹರ್." ಮುಂದಿನ ಫೋಟೋಗೆ ಹೋದಳು. ಅವಳದು ತಪ್ಪಲ್ಲ.

ನಾನು ಎದ್ದು ಅಡುಗೆಮನೆಗೆ ಹೋದೆ. ಸೊಸೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಬಾಗಿಲಿನಲ್ಲೇ ನಿಂತು ಹೇಳಿದೆ. "ಅವತ್ತು ಬಂದರಲ್ಲಿ ನಾ ಬಾತ್‌ರೂಮಿಗೆ ಹೋದ್ದಲ್ಲ. ಮೀನು ಕಾಂಬುಕೆ ಹೋಯಿದ್ದೆ. ಅರ್ಧ ಗಂಟೆ ಮೇಲಾಯ್ತ್."

ಅವಳ ಕೈ ನಿಲ್ಲಲಿಲ್ಲ. "ಗೊತ್ತು ಅತ್ತೆ."

"ಹ್ಯಾಂಗೆ?"

"ಅಮ್ಮ ಹೇಳಿದ್ರು, ಏರ್‌ಪೋರ್ಟಲ್ಲಿ. ಅಕ್ಕ ಮೀನು ನೋಡ್ಲಿಕ್ಕೆ ಹೋದದ್ದು, ನಾನೇ ಹೋಗಿ ಬನ್ನಿ ಹೇಳಿದ್ದು ಅಂತ. ನಿನ್ನತ್ತೆಯನ್ನು ಕೇಳ್ಲಿಕ್ಕೆ ಹೋಗ್ಬೇಡ, ಮಗುವಿಗೆ ಒಬ್ಬರಾದ್ರೂ ಬೇಕಲ್ಲ ಅಂದ್ರು."

"ನೀ ಒಂದ್ ಮಾತು ಕೇಣ್ಲಿಲ್ಲ."

"ಕೇಳಿ ಎಂತ ಮಾಡುದು? ಮರುದಿನ ನಂಗೆ ಡ್ಯೂಟಿ ಇತ್ತು." ಸುಲಿದ ಬೆಳ್ಳುಳ್ಳಿಯನ್ನು ತಟ್ಟೆಗೆ ಹಾಕಿದಳು. ದನಿಯಲ್ಲಿ ಕೋಪ ಇರಲಿಲ್ಲ. ಇನ್ನೇನೂ ಇರಲಿಲ್ಲ. "ಖಲಾಸ್ ಅತ್ತೆ. ಆ ಮೆಣಸಿನ ಡಬ್ಬಿ ಕೊಡಿ."

ಕೊಟ್ಟೆ. ಹನ್ನೊಂದು ವರ್ಷ, ಆಕೆಗೆ ನೆನಪಿಲ್ಲ ಎಂಬ ಧೈರ್ಯದ ಮೇಲೆ ನಾನು ಈ ಮನೆಯ ಅನ್ನ ಉಂಡಿದ್ದೆ. ಆ ಸಂಜೆ ಹಾಲ್‌ನಲ್ಲಿ ಆಕೆ ನನ್ನನ್ನು ನೋಡಿದ ನೋಟ ಈಗಲೂ ಕಣ್ಣಿಗೆ ಬರುತ್ತದೆ. ಅಳು ಬರುವುದಿಲ್ಲ. ಬರುವುದಿದ್ದರೆ ಇಷ್ಟು ಹೊತ್ತಿಗೆ ಬರುತ್ತಿತ್ತು. ಆಕೆಯನ್ನು ಕೂರಿಸಿಕೊಂಡು ಒಂದು ಚಾ ಕುಡಿಯಬೇಕು ಎಂದು ಮಾತ್ರ ಆ ಹೊತ್ತಿನಲ್ಲಿ ಮೊದಲ ಸಲ ಅನ್ನಿಸಿತು. ಆಕೆ ಹೋಗಿ ಎಂಟು ವರ್ಷವಾಯಿತು.